ಅಶೀಮ್ ಜಾಗಕ್ಕೆ ಇಬ್ಬರು

ದೆಹಲಿಯ ಲೋಧಿ ಎಸ್ಟೇಟಿನ ನಮ್ಮ ಕನ್ನಡ ಶಾಲೆಯಲ್ಲಿ ಆಗ ಹಾಡು ಎಂದರೆ ಎರಡೇ ಬಗೆ. ವಾರ್ಷಿಕೋತ್ಸವಕ್ಕೆ ಭಾವಗೀತೆ, ದಾಸರ ಪದ. ಮನೆಗೆ ಹೋಗುವ ಡಿಟಿಸಿ ಬಸ್ಸಿನಲ್ಲಿ ಹಿಂದಿ ಸಿನಿಮಾ ಹಾಡು. ಮೂರನೆಯ ಬಗೆಯೂ ಒಂದಿದೆ ಎಂದು ನನಗೆ ಗೊತ್ತಾದದ್ದು ಹನ್ನೊಂದನೇ ಕ್ಲಾಸಿನಲ್ಲಿ, ಹಿಂದಿನ ಬೆಂಚಿನಿಂದ ಕೈದಾಟಿ ಬಂದ ಒಂದು ಕ್ಯಾಸೆಟ್ಟಿನಿಂದ. ಎಚ್‌ಎಂವಿಯವರು 1993ರಲ್ಲಿ ತಂದದ್ದು. ಹೆಸರು ‘ಇಂಡಿಯನ್ ಓಷನ್’. ಅದನ್ನು ನುಡಿಸಿದ ದೆಹಲಿಯ ರಾಕ್ ತಂಡಕ್ಕೂ ಅದೇ ಹೆಸರು. ನನ್ನ ಕೈಗೆ ಬರುವ ಹೊತ್ತಿಗೆ ಟೇಪು ಒಂದು ಕಡೆ ಸಿಕ್ಕಿಕೊಂಡು ಸುಕ್ಕಾಗಿತ್ತು. ಆ ಜಾಗ ಬಂದಾಗಲೆಲ್ಲ ಗಿಟಾರು ತೊದಲುತ್ತಿತ್ತು. ಎಷ್ಟೋ ವರ್ಷದ ಮೇಲೆ ಅದೇ ಹಾಡನ್ನು ತೊದಲಿಲ್ಲದೆ ಕೇಳಿದಾಗ ಏನೋ ಬಿಟ್ಟುಹೋದಂತೆ ಅನ್ನಿಸಿತು.

ಹಳೆಯ ವಿದ್ಯಾರ್ಥಿಗಳ ಪುಟಕ್ಕೆ ಬರೆದುಕೊಡಿ ಎಂದು ಕೇಳಿದಾಗ ಮೇಷ್ಟ್ರುಗಳ ಬಗ್ಗೆ ಬರೆಯುವುದು ವಾಡಿಕೆ. ಅದನ್ನು ನನಗಿಂತ ಚೆನ್ನಾಗಿ ಬರೆಯುವವರು ನಮ್ಮ ಬ್ಯಾಚಿನಲ್ಲೇ ಇದ್ದಾರೆ. ನಾನು ಈ ತಂಡದ ಕಥೆ ಹೇಳುತ್ತೇನೆ. ಶಾಲೆ ಹೇಗೂ ನಡುವೆ ಬರುತ್ತದೆ.

ಸುಸ್ಮಿತ್ ಸೇನ್ ಗಿಟಾರಿನವರು, ಅಶೀಮ್ ಚಕ್ರವರ್ತಿ ತಬಲದವರು. ಇಬ್ಬರೂ ದೆಹಲಿಯ ಬಂಗಾಳಿಗಳು. ಪರಿಚಯವಾದದ್ದು 1984ರಲ್ಲಿ. ಅಲ್ಲಿ ಇಲ್ಲಿ ಸೇರಿ ಬಾರಿಸಿಕೊಂಡಿದ್ದು, 1990ರ ಹೊತ್ತಿಗೆ ಅದು ತಂಡ ಅನ್ನಿಸಿಕೊಂಡಿತು. ಹೆಸರು ಸೂಚಿಸಿದವರು ಸುಸ್ಮಿತ್ ಅವರ ತಂದೆ. ಮೊದಲ ಧ್ವನಿಮುದ್ರಣದ ಖರ್ಚಿಗೆ ಸುಸ್ಮಿತ್ ತಮ್ಮ ಎಲೆಕ್ಟ್ರಿಕ್ ಗಿಟಾರನ್ನೇ ಮಾರಿದರು ಎಂಬ ಕಥೆಯನ್ನು ನಾವು ಹುಡುಗರು ಪುರಾಣದ ಹಾಗೆ ಹೇಳಿಕೊಳ್ಳುತ್ತಿದ್ದೆವು. ರಾಕ್ ತಂಡ ಕಟ್ಟಲು ಗಿಟಾರು ಮಾರುವುದು! ನಮಗೆ ಅದಕ್ಕಿಂತ ದೊಡ್ಡ ತ್ಯಾಗ ಗೊತ್ತಿರಲಿಲ್ಲ.

ಡ್ರಮ್ಸ್‌ಗೆ ಶಾಲೀನ್ ಶರ್ಮ ಇದ್ದರು. ಬೇಸ್ ಗಿಟಾರಿಗೆ 1991ರಲ್ಲಿ ಬಂದವರು ರಾಹುಲ್ ರಾಮ್. ಐಐಟಿ ಕಾನ್ಪುರದಲ್ಲಿ ರಸಾಯನಶಾಸ್ತ್ರ, ಅಮೆರಿಕದ ಕಾರ್ನೆಲ್‌ನಲ್ಲಿ ಪಿಎಚ್‌.ಡಿ., ಅಲ್ಲಿಂದ ಬಂದು ನರ್ಮದಾ ಬಚಾವೋ ಆಂದೋಲನ, ಅದಾದ ಮೇಲೆ ಬೇಸ್ ಗಿಟಾರ್. ನಮ್ಮ ಅಪ್ಪಂದಿರಿಗೆ ಈ ಸರಣಿಯಲ್ಲಿ ಮೊದಲ ಎರಡು ಮಾತ್ರ ಕೇಳಿಸುತ್ತಿದ್ದವು.

ರಾಹುಲ್ ರಾಮ್ ವಿಷಯಕ್ಕೆ ಇನ್ನೊಂದು ಮಾತು ಸೇರಿಸಲೇಬೇಕು. ದೆಹಲಿಯ ಕನ್ನಡದ ಮನೆಗಳಲ್ಲಿ ಎಚ್.ವೈ. ಶಾರದಾಪ್ರಸಾದ್ ಅವರ ಹೆಸರು ಕೇಳದವರಿರಲಿಲ್ಲ. ಇಂದಿರಾ ಗಾಂಧಿಯವರ ಮಾಧ್ಯಮ ಸಲಹೆಗಾರರು. ಮೈಸೂರಿನ ಮಹಾರಾಜಾ ಕಾಲೇಜಿನ ವಿದ್ಯಾರ್ಥಿಯಾಗಿದ್ದಾಗಲೇ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಜೈಲು ಕಂಡವರು. ಅವರ ತಮ್ಮ ಎಚ್.ವೈ. ಮೋಹನರಾಮ್, ದೆಹಲಿ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರದ ದೊಡ್ಡ ಪ್ರೊಫೆಸರು. ಮೋಹನರಾಮ್ ಅವರ ಮಗ ಈ ರಾಹುಲ್. ಅಂದರೆ ಅಜ್ಜ ಯಾರಾದರು? ಹೊಳೆನರಸೀಪುರದ ಯೋಗಾನರಸಿಂಹಂ: ಸಂಸ್ಕೃತ ವಿದ್ವಾಂಸರು, ಕೃತಿಗಳನ್ನು ರಚಿಸಿದ ವಾಗ್ಗೇಯಕಾರರು. ಉದ್ದ ಕೂದಲು ಬಿಟ್ಟುಕೊಂಡು ವೇದಿಕೆಯ ಮೇಲೆ ಕುಣಿಯುವ ಆ ಮನುಷ್ಯ ‘ನಮ್ಮೋರು’ ಎಂದು ಗೊತ್ತಾದ ಮೇಲೆ ಅಮ್ಮನ ಧೋರಣೆಯೇ ಬದಲಾಯಿತು. ಕ್ಯಾಸೆಟ್ಟಿನ ವಾಲ್ಯೂಮ್ ಕಡಿಮೆ ಮಾಡು ಎನ್ನುವುದನ್ನು ಮಾತ್ರ ಬಿಡಲಿಲ್ಲ.

ಮೊದಲ ಕ್ಯಾಸೆಟ್ ಬಂದ ಮರುವರ್ಷವೇ ಶಾಲೀನ್ ಶರ್ಮ ತಂಡದಲ್ಲಿ ಇರಲಿಲ್ಲ. 1994ರಲ್ಲಿ ಡ್ರಮ್ಸ್‌ಗೆ ಅಮಿತ್ ಕಿಲಮ್ ಬಂದರು, ಉಳಿದವರಿಗಿಂತ ವಯಸ್ಸಿನಲ್ಲಿ ತುಂಬಾ ಚಿಕ್ಕವರು. ಜನ ‘ಅಸಲಿ ತಂಡ’ ಎಂದು ಈಗಲೂ ನೆನೆಸಿಕೊಳ್ಳುವ ನಾಲ್ವರು ಇವರೇ. ಆದರೆ ಅಸಲಿಗೆ ಸೇರಲು ಅವರಲ್ಲಿ ಒಬ್ಬರು ಮೂರು ನಾಲ್ಕು ವರ್ಷ ತಡ ಮಾಡಿದ್ದರು ಎಂಬುದನ್ನು ಗಮನಿಸಿ. ಅಸಲಿ ತಂಡ ಈಗಲೂ ಉಳಿದಿದೆಯೇ ಎಂಬ ನಮ್ಮ ವಾಟ್ಸಾಪ್ ಗುಂಪಿನ ಜಗಳಕ್ಕೆ ಇದು ಬೇಕಾಗುತ್ತದೆ.

ಅವರನ್ನು ಎದುರಿಗೆ ಕಂಡದ್ದು 1997ರ ಹೊಸವರ್ಷದ ದಿನ, ಮಂಡಿ ಹೌಸ್ ಬಳಿ. ಬೀದಿನಾಟಕದ ಸಫ್ದರ್ ಹಾಶ್ಮಿ ನೆನಪಿನಲ್ಲಿ ಕಲಾವಿದರ ಸಂಘಟನೆ ‘ಸಹಮತ್’ ಪ್ರತಿ ಜನವರಿ 1ಕ್ಕೆ ನಡೆಸುವ ಕಾರ್ಯಕ್ರಮ. ಬೋರ್ಡ್ ಪರೀಕ್ಷೆ ಹತ್ತಿರವಿತ್ತು, ಲೈಬ್ರರಿಗೆ ಎಂದು ಹೇಳಿ ಹೊರಟಿದ್ದೆವು. ಕೊರೆಯುವ ಚಳಿ, ಮಂಕಿಕ್ಯಾಪು, ಶಾಲು, ಕಾಗದದ ಪೊಟ್ಟಣದಲ್ಲಿ ಹುರಿದ ಕಡಲೆಕಾಯಿ. ಟಿಕೆಟ್ಟಿಲ್ಲ, ಕುರ್ಚಿ ಹಿಡಿಯುವ ಗಲಾಟೆಯಿಲ್ಲ, ದಾರಿಯಲ್ಲಿ ಹೋಗುವವರೂ ನಿಂತು ಕೇಳುತ್ತಿದ್ದರು.

ನನ್ನ ಕಣ್ಣು ಪೂರ್ತಿ ಅಶೀಮ್ ಮೇಲೆ. ಸುತ್ತ ತಬಲ ಇಟ್ಟುಕೊಂಡು ಚಕ್ಕಳಮಕ್ಕಳ ಹಾಕಿ ಕೂತಿದ್ದರು, ಬಾಯಿಗೆ ಮೈಕು. ರಾಕ್ ತಂಡದ ಹಾಡುಗಾರ ಎದ್ದು ನಿಂತು ಕೂಗುತ್ತಾನೆ ಎಂದು ನಾವು ಟಿ.ವಿ. ನೋಡಿ ತಿಳಿದುಕೊಂಡಿದ್ದೆವು. ಇವರು ಭಜನೆಗೆ ಕೂತವರ ಹಾಗೆ ಕೂತು ಬಾರಿಸುತ್ತಲೇ ಹಾಡುತ್ತಿದ್ದರು. ಜೊತೆಗಿದ್ದ ಗೆಳೆಯ ಶಾಲೆಯ ಕಾರ್ಯಕ್ರಮಗಳಿಗೆಲ್ಲ ಮೃದಂಗ ನುಡಿಸುವವನು. ಅವನು ನನ್ನ ತೋಳು ಹಿಡಿದು, “ಕೈ ನೋಡೋ, ಕೈ ನೋಡು. ಬಾಯಿ ಒಂದು ಲೆಕ್ಕ, ಕೈ ಇನ್ನೊಂದು ಲೆಕ್ಕ” ಎಂದ. ಹಾಡಿನ ಸಾಲು ಎಳೆದುಕೊಂಡು ಹೋಗಿ ತಾಳದ ಆಚೆ ಇಳಿಯುತ್ತಿತ್ತು. ಬೆರಳು ಮಾತ್ರ ಒಂದಿಷ್ಟೂ ಅಲುಗದೆ ಸಮಕ್ಕೆ, ತಾಳದ ಮೊದಲ ಪೆಟ್ಟಿಗೆ, ಬಂದು ಕೂರುತ್ತಿತ್ತು.

ಅಮಿತ್ ಡ್ರಮ್ಸ್ ಬಿಟ್ಟು ನಡುವೆ ಒಂದು ವಿಚಿತ್ರ ವಾದ್ಯ ತೆಗೆದುಕೊಳ್ಳುತ್ತಿದ್ದರು: ಗಬ್‌ಗುಬಿ. ಹಾಡುತ್ತ ಊರೂರು ಅಲೆಯುವ ಬಂಗಾಳದ ಬಾವುಲರದ್ದು. ಕಂಕುಳಲ್ಲಿ ಪುಟ್ಟ ಡೋಲು, ಅದರ ತಳದ ಚರ್ಮದಿಂದ ಹೊರಟ ತಂತಿಯನ್ನು ಒಂದು ಕೈಯಲ್ಲಿ ಎಳೆದು ಹಿಡಿದು ಇನ್ನೊಂದರಲ್ಲಿ ಮೀಟುವುದು. ಬಿಗಿ ಹೆಚ್ಚು ಕಡಿಮೆ ಮಾಡಿದರೆ ಸ್ವರ ಏರಿ ಇಳಿದು ಯಾರೋ ಗೊಣಗುತ್ತ ಮಾತಾಡಿದಂತೆ ಕೇಳುತ್ತದೆ.

ಆ ದಿನದ ಕಾರ್ಯಕ್ರಮವನ್ನು ಧ್ವನಿಮುದ್ರಿಸಿಕೊಂಡಿದ್ದರು. ದೊಡ್ಡ ಕಂಪನಿಗಳು ಕೇಳದೆ ಇದ್ದಾಗ ಸಣ್ಣ ಕಂಪನಿಯೊಂದು ಅದನ್ನೇ ‘ಡೆಸರ್ಟ್ ರೇನ್’ ಎಂದು ಹೊರತಂದಿತು. ಅದರಲ್ಲಿ ಕೇಳುವ ಚಪ್ಪಾಳೆಯಲ್ಲಿ ನನ್ನದೂ ಸೇರಿದೆ ಎಂದು ಮಗಳ ಹತ್ತಿರ ಕೊಚ್ಚಿಕೊಳ್ಳುತ್ತಿರುತ್ತೇನೆ. ಅವಳು ನಂಬಿದ ಹಾಗಿಲ್ಲ.

ಆ ವರ್ಷ ನಾವೂ ಒಂದು ತಂಡ ಕಟ್ಟಿದೆವು. ಬಾಡಿಗೆ ಗಿಟಾರು, ಯಾರದೋ ಅಕ್ಕನ ಕ್ಯಾಸಿಯೊ, ಗೆಳೆಯನ ಮೃದಂಗ. ಬೀಳ್ಕೊಡುಗೆ ಸಮಾರಂಭಕ್ಕೆ ಪುರಂದರದಾಸರ ಪದವನ್ನು ಗಿಟಾರಿನ ಜೊತೆ ಹಾಡುವ ಯೋಜನೆ. ಪ್ರೀಬೋರ್ಡಿನ ಅಂಕ ಬಂದ ಸಂಜೆಯೇ ಕ್ಯಾಸಿಯೊದವನನ್ನು ಅವರಪ್ಪ ಹಿಂದಕ್ಕೆ ಕರೆಸಿಕೊಂಡರು. ಗಿಟಾರಿನವನು ಟ್ಯೂಷನ್ನಿಗೆ ಸೇರಿದ. ಕೊನೆಗೆ ವೇದಿಕೆ ಏರಿದ್ದು ನಾನು, ಮೃದಂಗ, ಮತ್ತು ಕೊನೆ ಗಳಿಗೆಯಲ್ಲಿ ಕೈಹಿಡಿದ ಸಂಗೀತದ ಮೇಡಂ ಅವರ ಹಾರ್ಮೋನಿಯಂ. ಅದು ಎಂದಿನ ದಾಸರ ಪದವೇ ಆಗಿಹೋಯಿತು. ಮೇಡಂಗೆ ಮಾತ್ರ ಬಹಳ ಸಂತೋಷವಾಯಿತು.

2000ದಲ್ಲಿ ‘ಕಂದೀಸಾ’ ಬಂತು, ಅದರೊಂದಿಗೆ ದೇಶವೆಲ್ಲ ಅವರ ಹೆಸರು ಕೇಳಿತು. ಶೀರ್ಷಿಕೆಯ ಹಾಡು ಕೇರಳದ ಸಿರಿಯನ್ ಕ್ರೈಸ್ತರ ಪ್ರಾರ್ಥನೆ. ಅದೇ ಆಲ್ಬಮ್ಮಿನ ‘ಮಾ ರೇವಾ’ ರಾಹುಲ್ ನರ್ಮದಾ ಕಣಿವೆಯಿಂದ ಹೊತ್ತು ತಂದ ಜನಪದ, ‘ಹಿಲ್ಲೇ ಲೇ’ ಗೋರಖ್ ಪಾಂಡೆ ಅವರ ಭೋಜಪುರಿ ಪದ್ಯ. 2003ರಲ್ಲಿ ‘ಝೀನಿ’. ಆಮೇಲೆ ‘ಬ್ಲ್ಯಾಕ್ ಫ್ರೈಡೇ’ ಸಿನಿಮಾದ ‘ಬಂದೇ’, ಅದನ್ನು ಗೊತ್ತಿಲ್ಲದವರಿಲ್ಲ.

2009ರ ಡಿಸೆಂಬರ್ 25ರಂದು ಅಶೀಮ್ ತೀರಿಕೊಂಡರು. ಅದಕ್ಕೆ ಮುಂಚೆ ಹೃದಯಾಘಾತವಾಗಿತ್ತು. ಅವರು ಹಾಡಿಟ್ಟಿದ್ದ ಕೊನೆಯ ಹಾಡುಗಳು ಮರುವರ್ಷ ಹೊರಬಂದವು. ಕರೋಲ್ ಬಾಗಿನಲ್ಲಿ ತಂಡ ಅಭ್ಯಾಸ ಮಾಡುತ್ತಿದ್ದ ಹಳೆಯ ಮನೆಯ ವಿಳಾಸವೇ ಆಲ್ಬಮ್ಮಿನ ಹೆಸರು: ‘16/330 ಖಜೂರ್ ರೋಡ್’. ಏಳು ಹಾಡು, ತಿಂಗಳಿಗೊಂದರಂತೆ, ಪುಕ್ಕಟೆಯಾಗಿ ಅಂತರ್ಜಾಲಕ್ಕೆ ಬಿಟ್ಟರು. ಕಂಪನಿಗಳ ಸಹವಾಸವೇ ಸಾಕೆಂದು ಅವರು ತೆಗೆದುಕೊಂಡ ನಿರ್ಧಾರ ಅದು. ನಮಗೆ ಮಾತ್ರ ಸತ್ತವರಿಂದ ತಿಂಗಳು ತಿಂಗಳೂ ಕಾಗದ ಬಂದ ಹಾಗಾಯಿತು.

ಅಶೀಮ್ ಜಾಗಕ್ಕೆ ಯಾರು ಬಂದಾರು? ಬಂದದ್ದು ಇಬ್ಬರು. ತಬಲಕ್ಕೆ ತುಹೀನ್ ಚಕ್ರವರ್ತಿ, ಕಂಠಕ್ಕೆ ಹಿಮಾಂಶು ಜೋಶಿ. ನನಗೆ ಇದೇ ಈ ತಂಡದ ಅತಿ ಜಾಣ ತೀರ್ಮಾನ ಅನ್ನಿಸುತ್ತದೆ. ಕೂತು ಬಾರಿಸುತ್ತ ಹಾಡುವ ಇನ್ನೊಬ್ಬನನ್ನು ಹುಡುಕಿ ತಂದಿದ್ದರೆ ಜನ ದಿನವೂ ತಕ್ಕಡಿಯಲ್ಲಿಟ್ಟು ತೂಗುತ್ತಿದ್ದರು. ಕೆಲಸ ಎರಡಾಗಿ ಒಡೆದ ಮೇಲೆ ಹಾಡುವವರು ಎದ್ದು ನಿಂತರು, ತಬಲದವರಿಗೆ ಉಸಿರಿನ ಚಿಂತೆ ತಪ್ಪಿತು. ಹಳೆಯ ಹಾಡುಗಳ ನಡಿಗೆಯೂ ಬೇರೆಯಾಯಿತು.

2013ರಲ್ಲಿ ಸುಸ್ಮಿತ್ ಸೇನ್ ಕೂಡ ಹೊರಟರು, ತಮ್ಮದೇ ಬೇರೆ ತಂಡ ಕಟ್ಟಿಕೊಂಡರು. ಅವರ ಜಾಗಕ್ಕೆ ಬಂದವರು ನಿಖಿಲ್ ರಾವ್. ಮರುವರ್ಷದ ‘ತಂದಾನು’ ಆಲ್ಬಮ್ಮಿಗೆ ಶುಭಾ ಮುದ್ಗಲ್, ವಿಶ್ವಮೋಹನ ಭಟ್ಟ, ಶಂಕರ್ ಮಹಾದೇವನ್ ಮೊದಲಾದವರನ್ನು ಅತಿಥಿಗಳಾಗಿ ಕರೆದರು. ಮನೆ ತುಂಬ ನೆಂಟರಿದ್ದರೆ ಯಾರು ಇಲ್ಲ ಎಂದು ಎಣಿಸಲು ಪುರುಸೊತ್ತಾಗುವುದಿಲ್ಲ, ಅಲ್ಲವೇ? 2023ರಲ್ಲಿ ‘ತೂ ಹೈ’ ಬಂತು.

ಈಗ ಜಗಳಕ್ಕೆ ಬರೋಣ. ಮೃದಂಗದ ಗೆಳೆಯನ ಪ್ರಕಾರ ತಂಡ 2009ರಲ್ಲೇ ಮುಗಿಯಿತು, ಈಗಿರುವುದು ಬೋರ್ಡು ಮಾತ್ರ. ನನ್ನ ವಾದ ಇಷ್ಟೇ: ಶುರು ಮಾಡಿದ ಸುಸ್ಮಿತ್, ಅಶೀಮ್ ಇಬ್ಬರೂ ಇವತ್ತು ಅಲ್ಲಿಲ್ಲ, ನಿಜ. ಆಮೇಲೆ ಬಂದ ರಾಹುಲ್ ಮತ್ತು ಅಮಿತ್ ಮೂವತ್ತು ವರ್ಷದಿಂದ ಅದನ್ನು ಹೊತ್ತಿದ್ದಾರೆ. ನಿನ್ನ ಲೆಕ್ಕಕ್ಕೇ ಬಂದರೆ ನೀನು ಮಂಡಿ ಹೌಸಿನಲ್ಲಿ ಬಾಯಿಬಿಟ್ಟುಕೊಂಡು ನೋಡಿದ್ದೂ ಅಸಲಿ ಅಲ್ಲ; ಶಾಲೀನ್ ಶರ್ಮ ಎಲ್ಲಿದ್ದರು ಅವತ್ತು?

ಕಳೆದ ಚಳಿಗಾಲದಲ್ಲಿ ಅವನನ್ನು ಬಲವಂತವಾಗಿ ಒಂದು ಕಾರ್ಯಕ್ರಮಕ್ಕೆ ಎಳೆದುಕೊಂಡು ಹೋದೆ, ಟಿಕೆಟ್ಟು ನನ್ನದೇ. ಎರಡು ಗಂಟೆ ಅಲ್ಲಾಡದೆ ಕೂತು ಕೇಳಿದ. ತೊಡೆಯ ಮೇಲೆ ತಾಳ ಹಾಕುತ್ತಿದ್ದುದನ್ನು ನಾನು ನೋಡಿದೆ, ಹೇಳಲಿಲ್ಲ. ಪಾರ್ಕಿಂಗಿಗೆ ಬರುವಾಗ ತಾನೇ ಬಾಯಿಬಿಟ್ಟ: “ಹುಡುಗನ ಕೈ ಚೆನ್ನಾಗಿದೆ ಕಣೋ, ಇಲ್ಲ ಅನ್ನಲ್ಲ. ಹಾಡ್ತಾ ಬಾರಿಸ್ಲಿ, ಆವಾಗ ಮಾತಾಡೋಣ.”