ಅಲ್ಲಿ ಟೋಪಿ ಇಟ್ಟಿರಲಿಲ್ವಾ ತಾತ?

ಹೋದ ತಿಂಗಳು ನಮ್ಮ ಕಟ್ಟಡದ ಲಿಫ್ಟ್ ಪಕ್ಕದ ಗೋಡೆಗೆ ನನ್ನ ಫೋಟೋ ಅಂಟಿಸಿದರು. ಆ ಭಾನುವಾರ ಊರಿಗೆ ವೀಡಿಯೊ ಕಾಲ್ ಮಾಡಿದಾಗ ಅಪ್ಪನಿಗೆ ಹೇಳಿದೆ. ಅವರು ಕನ್ನಡಕ ಸರಿಮಾಡಿಕೊಂಡು, "ಗೋಡೆ ಮೇಲಾ? ಹಾರ ಗೀರ ಹಾಕಿಲ್ಲ ತಾನೆ?" ಅಂದರು.

ಹಾರ ಹಾಕಿಲ್ಲ. ಕೆಳಗೆ 'ಹೆಲ್ತ್ ಆಂಡ್ ಸೇಫ್ಟಿ ರೆಪ್ರೆಸೆಂಟೇಟಿವ್' ಅಂತ ಬರೆದಿದ್ದಾರೆ, ಅಷ್ಟೆ. ಎರಡು ಮಹಡಿಯ ಲ್ಯಾಬುಗಳಲ್ಲಿ ದುಡಿಯುವವರು ತಮ್ಮ ಸುರಕ್ಷತೆಯ ಮಾತಾಡಲು ತಾವೇ ಆರಿಸಿಕೊಂಡ ಪ್ರತಿನಿಧಿ. 'ಆರಿಸಿಕೊಂಡ' ಅನ್ನುವುದು ಸ್ವಲ್ಪ ದೊಡ್ಡ ಮಾತಾಯಿತು. ಇದ್ದವರು ನಿವೃತ್ತರಾದರು. ಬೆಳಗಿನ ಚಹಾದ ಹೊತ್ತಿನಲ್ಲಿ 'ಯಾರು ನಿಲ್ಲುತ್ತೀರಿ' ಅಂತ ಕೇಳಿದಾಗ ಎಲ್ಲರೂ ಅವರವರ ಕಪ್ಪಿನೊಳಗೆ ನೋಡಿಕೊಂಡರು. ಕಣ್ಣು ತೊಳೆಯುವ ನಲ್ಲಿಯ ಮುಂದೆ ಯಾರಾದರೂ ರಟ್ಟಿನ ಡಬ್ಬ ಇಟ್ಟರೆ ಗೊಣಗುತ್ತ ಎತ್ತಿಡುವವಳು ನಾನು. ಅದನ್ನು ಗಮನಿಸಿದ್ದ ಒಬ್ಬಾಕೆ ನನ್ನ ಹೆಸರು ಹೇಳಿಬಿಟ್ಟಳು. ಒಂದೇ ಹೆಸರು ಬಂದರೆ ಮತದಾನ ಬೇಕಿಲ್ಲ. ಅಪ್ಪನಿಗೆ ಇದು ತಕ್ಷಣ ಅರ್ಥವಾಯಿತು. "ಓ, ಅವಿರೋಧ ಆಯ್ಕೆ!"

ಮೆಲ್ಬರ್ನಿನ ಒಂದು ವಿಶ್ವವಿದ್ಯಾಲಯದ ಕೆಮಿಸ್ಟ್ರಿ ಲ್ಯಾಬಿನಲ್ಲಿ ನಾನು ಟೆಕ್ನಿಕಲ್ ಆಫೀಸರ್. ಹೆಸರು ಕೇಳಿ ಬೆಚ್ಚಬೇಡಿ. ದ್ರಾವಣ ಮಾಡಿಡುವುದು, ಬಾಟಲಿಗೆ ಚೀಟಿ ಅಂಟಿಸುವುದು, ಪ್ರಾಕ್ಟಿಕಲ್ಸಿಗೆ ಸಾಮಾನು ಜೋಡಿಸುವುದು, ಮುಗಿದ ಮೇಲೆ ಎತ್ತಿಡುವುದು. ನಮ್ಮ ತಾಲ್ಲೂಕಿನ ಕಾಲೇಜೊಂದರಲ್ಲಿ ಅಪ್ಪ ಮೂವತ್ತೊಂದು ವರ್ಷ ಮಾಡಿದ್ದೂ ಇದನ್ನೇ. ಅವರನ್ನು ಅಟೆಂಡರ್ ಅನ್ನುತ್ತಿದ್ದರು.

ಅದಕ್ಕೇ ಅವರಿಗೆ ವಿವರ ಬೇಕಿತ್ತು. ಹೇಳಿದೆ. ಇಲ್ಲಿ ವಿಕ್ಟೋರಿಯ ರಾಜ್ಯದಲ್ಲಿ 2004ರ ಒಂದು ಕಾಯ್ದೆ ಇದೆ. ಕೆಲಸಗಾರರ ಆರೋಗ್ಯಕ್ಕೆ ತಟ್ಟುವಂಥ ಬದಲಾವಣೆ ಏನೇ ಮಾಡುವುದಿದ್ದರೂ ಆಡಳಿತದವರು ಮೊದಲು ಅವರನ್ನು ಕೇಳಬೇಕು, ಅವರು ಹೇಳಿದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕಾಯ್ದೆ ಮುರಿದಿದ್ದಾರೆ ಅನ್ನಿಸಿ, ಮಾತಾಡಿಯೂ ಸರಿಹೋಗದಿದ್ದರೆ, ನನ್ನಂಥ ಪ್ರತಿನಿಧಿ ಬರಹದಲ್ಲಿ ನೋಟಿಸ್ ಕೊಡಬಹುದು. ಎಲ್ಲರೂ ಅದನ್ನು 'ಪಿನ್' ಅನ್ನುತ್ತಾರೆ. ಸರಿಪಡಿಸಲು ಕನಿಷ್ಠ 8 ದಿನ ಗಡುವು. ಆಡಳಿತದವರಿಗೆ ಒಪ್ಪಿಗೆ ಇಲ್ಲವೋ, 7 ದಿನದೊಳಗೆ ಸರ್ಕಾರಿ ಇನ್‌ಸ್ಪೆಕ್ಟರನ್ನು ಕರೆಸಬೇಕು. ಹರಿದು ಬುಟ್ಟಿಗೆ ಹಾಕುವ ಹಾಗಿಲ್ಲ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮ್ಯಾನೇಜರಿಗೆ ನೀನು ನೋಟಿಸ್ ಕೊಡ್ತೀಯ?"

ಅವರ ಪ್ರಪಂಚದಲ್ಲಿ ನೋಟಿಸು ಮೇಲಿನಿಂದ ಕೆಳಗೆ ಬರುತ್ತದೆ, ಅದರ ಪೂರ್ತಿ ಹೆಸರು 'ಕಾರಣ ಕೇಳಿ ನೋಟಿಸು'. ಮುಂದಿನ ಪ್ರಶ್ನೆ ನಿರೀಕ್ಷಿಸಿದ್ದೇ. "ಕೊಟ್ಟ ಮೇಲೆ ಕೆಲಸ ಇರುತ್ತೇನಮ್ಮ?"

ಅಷ್ಟರಲ್ಲಿ ಮಗಳು ಬಂದು ನನ್ನ ಭುಜದ ಮೇಲೆ ಗಲ್ಲ ಊರಿದಳು. ಅವಳಿಗೆ ಏಳು ವರ್ಷ. ಅಪ್ಪ ಬನಿಯನ್ನಿನಲ್ಲಿ ಕೂತಿದ್ದರು, ಎಡಗೈ ಕಾಣುತ್ತಿತ್ತು. ಮಣಿಕಟ್ಟಿನಿಂದ ಮೊಣಕೈಯವರೆಗೆ ಸುಕ್ಕುಗಟ್ಟಿದ ನುಣುಪು ಚರ್ಮ, ದೋಸೆಕಾವಲಿಗೆ ಹತ್ತಿಕೊಂಡು ಕಿತ್ತುಬಂದ ಹಿಟ್ಟಿನ ಹಾಗೆ. ಅವಳು ಅದನ್ನು ಕೇಳಿದಳು. ನಾನು ಆ ವಯಸ್ಸಿನಲ್ಲಿ ಕೇಳಿದ್ದಾಗ ಅಪ್ಪ 'ಕಾಲೇಜಲ್ಲಿ ಆಯ್ತು' ಅಂತ ಎರಡೇ ಪದದಲ್ಲಿ ಮುಗಿಸಿದ್ದರು. ಮೊಮ್ಮಗಳಿಗೆ ಪೂರ್ತಿ ಕಥೆ ಸಿಕ್ಕಿತು.

ಲ್ಯಾಬಿನ ಹಿಂದೆ ಸ್ಟೋರು. ಇಳಿಯಲು ಮೂರು ಮೆಟ್ಟಿಲು, ನಡುವಿನ ಚಪ್ಪಡಿ ಅಲ್ಲಾಡುತ್ತಿತ್ತು. ಪ್ರಿನ್ಸಿಪಾಲರಿಂದ ಹಿಡಿದು ಎಲ್ಲರಿಗೂ ಅದು ಗೊತ್ತು, ಎಲ್ಲರೂ ಅದನ್ನು ದಾಟಿಯೇ ಕಾಲಿಡುತ್ತಿದ್ದರು. ಅವತ್ತು ಅಪ್ಪನ ಎರಡೂ ಕೈಯಲ್ಲಿ ಸಲ್ಫ್ಯೂರಿಕ್ ಆಸಿಡ್ಡಿನ ಎರಡೂವರೆ ಲೀಟರ್ ಬಾಟಲಿ. ಕತ್ತು ಹಿಡಿದು ತರುವುದೇ ರೂಢಿ. ಕಾಲು ಚಪ್ಪಡಿಯ ಅಂಚಿಗೆ ಬಿತ್ತು, ಎಡಗೈಯ ಬಾಟಲಿ ಗೋಡೆಗೆ ತಗುಲಿತು. ನಲ್ಲಿಯಲ್ಲಿ ನೀರಿರಲಿಲ್ಲ. ಸ್ಟಾಫ್ ರೂಮಿಗೆ ಓಡಿ ಕುಡಿಯುವ ನೀರಿನ ಬಿಂದಿಗೆಯನ್ನೇ ತೋಳಿನ ಮೇಲೆ ಬಗ್ಗಿಸಿಕೊಂಡರು.

ಮಗಳು ಬಾಯಿ ತೆರೆದುಕೊಂಡು ಕೇಳುತ್ತಿದ್ದಳು. ಮುಗಿದ ಮೇಲೆ ಅವಳಿಗಿದ್ದದ್ದು ಒಂದೇ ಪ್ರಶ್ನೆ. "ಆ ಕಲ್ಲಿನ ಹತ್ರ ವಿಚಸ್ ಹ್ಯಾಟ್ ಇಟ್ಟಿರಲಿಲ್ವಾ ತಾತ?"

ಇಲ್ಲಿ ರಸ್ತೆ ಅಗೆದ ಕಡೆ, ನೆಲ ಒದ್ದೆಯಾದ ಕಡೆ ಇಡುತ್ತಾರಲ್ಲ, ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಶಂಕು, ಅದಕ್ಕೆ ಈ ದೇಶದಲ್ಲಿ ಮಾಟಗಾತಿಯ ಟೋಪಿ ಅಂತ ಹೆಸರು. ಇವಳ ಸ್ಕೂಲಿನಲ್ಲಿ ಜಾರುಬಂಡಿಯ ಮೊಳೆ ಸಡಿಲವಾದರೂ ಮಕ್ಕಳೇ ಓಡಿಹೋಗಿ ಒಂದು ತಂದಿಟ್ಟು ಟೀಚರಿಗೆ ಹೇಳುತ್ತಾರೆ. ನಾನು ಅರ್ಥ ಹೇಳಿದೆ. "ಟೋಪಿ, ತಾತ, ಟೋಪಿ" ಅಂದಳು ಅವಳು.

"ಟೋಪಿನಾ?" ಅಪ್ಪ ನಕ್ಕರು. "ಹ್ಞೂಂ ಮರಿ, ಟೋಪಿ ಹಾಕಿದ್ರು. ಚೆನ್ನಾಗೇ ಹಾಕಿದ್ರು."

ಅವಳಿಗೆ ಅದು ತಿಳಿಯಲಿಲ್ಲ. ನನಗೆ ತಿಳಿಯಿತು. 'ನನ್ನ ಅಜಾಗರೂಕತೆಯಿಂದ ಆಗಿದೆ' ಅಂತ ಬರೆಸಿಕೊಂಡು ಸಹಿ ಹಾಕಿಸಿದ್ದರು. ಆಸ್ಪತ್ರೆಯಲ್ಲಿದ್ದ ದಿನಗಳನ್ನು ಅವರ ರಜೆಯಲ್ಲಿ ಮುರಿದರು, ಒಡೆದ ಬಾಟಲಿಯ ದುಡ್ಡನ್ನು ಸಂಬಳದಲ್ಲಿ. ಇದನ್ನೆಲ್ಲ ಅಮ್ಮ ಹೇಳಿದ್ದು, ಬಹಳ ವರ್ಷಗಳ ನಂತರ.

"ಮತ್ತೆ ನೀನು ಯಾರಿಗೂ ಹೇಳಲಿಲ್ವಾ, ಕಲ್ಲು ಶೇಕ್ ಆಗತ್ತೆ ಅಂತ?"

"ಹೇಳೋದು ನಮ್ಮ ಕೆಲಸ ಅಲ್ಲ ಕಣೋ. ನೋಡ್ಕೊಂಡು ಕಾಲಿಡೋದು ನಮ್ಮ ಕೆಲಸ."

ಅವಳು ನನ್ನ ಕಡೆ ತಿರುಗಿ, "ನೀನು ಹೇಳ್ತೀಯ ಅಲ್ವಾಮ್ಮ, ಯಾವಾಗಲೂ?" ಅಂದಳು. ನಾನು ಅಡುಗೆಮನೆಯಲ್ಲಿ ಏನೋ ಕುದಿಯುತ್ತಿದೆ ಅಂತ ಎದ್ದೆ. ಏನೂ ಕುದಿಯುತ್ತಿರಲಿಲ್ಲ.

ಮೊದಲ ಮೂರು ವರ್ಷ ನಾನು ಏನೂ ಹೇಳಿಲ್ಲ. ಈ ಲ್ಯಾಬಿಗೆ ಬರುವ ಮುಂಚೆ ಬೇರೊಂದು ಕಡೆ ದ್ರವ ಸಾರಜನಕದ ಪಾತ್ರೆಯ ಜೊತೆಗೇ ಲಿಫ್ಟಿನಲ್ಲಿ ನಿಂತು ಹೋಗುತ್ತಿದ್ದೆ. ಒಂದು ಲೀಟರ್ ಚೆಲ್ಲಿದರೆ ಸುಮಾರು 700 ಲೀಟರ್ ಅನಿಲವಾಗುತ್ತದೆ. ಲಿಫ್ಟು ನಡುವೆ ನಿಂತರೆ ಉಸಿರಾಡಲು ಗಾಳಿ ಉಳಿಯುವುದಿಲ್ಲ, ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಪಾತ್ರೆಯನ್ನು ಒಂಟಿಯಾಗಿ ಕಳಿಸಿ ಮೇಲೆ ಇನ್ನೊಬ್ಬರು ಇಳಿಸಿಕೊಳ್ಳಬೇಕು. ನನಗೆ ಗೊತ್ತಿತ್ತು. ಹೋಗು ಅಂದವರಿಗೂ ಗೊತ್ತಿತ್ತು. ಆಗ ವೀಸಾ ಪಕ್ಕಾ ಆಗಿರಲಿಲ್ಲ, ನೋಡ್ಕೊಂಡು ಕಾಲಿಟ್ಟೆ. ಕಾಯ್ದೆ ಆಗಲೂ ಇದೇ ಇತ್ತು. ಅಪ್ಪನ ಕಾಲೇಜನ್ನು ನಾನು ಸೂಟ್‌ಕೇಸಿನಲ್ಲಿ ತಂದಿದ್ದೆ.

ಪ್ರತಿನಿಧಿಯಾದವರಿಗೆ ಐದು ದಿನದ ತರಬೇತಿ, ಸಂಬಳ ಕೊಟ್ಟೇ ಕಳಿಸಬೇಕು. ನಾನು ಹೋದದ್ದು ಕಾರ್ಲ್ಟನ್ನಿನ ಟ್ರೇಡ್ಸ್ ಹಾಲಿಗೆ. ಅದರ ಹತ್ತಿರದಲ್ಲೇ 8-8-8 ಅಂತ ಕೆತ್ತಿದ ಸ್ಮಾರಕ ಕಂಬವಿದೆ: ಎಂಟು ಗಂಟೆ ದುಡಿಮೆ, ಎಂಟು ಗಂಟೆ ಬಿಡುವು, ಎಂಟು ಗಂಟೆ ನಿದ್ದೆ. 1856ರ ಏಪ್ರಿಲ್ 21ರಂದು ಮೆಲ್ಬರ್ನ್ ವಿಶ್ವವಿದ್ಯಾಲಯದ ಕಟ್ಟಡ ಕಟ್ಟುತ್ತಿದ್ದ ಕಲ್ಲುಕುಟಿಗರು ಉಳಿ ಸುತ್ತಿಗೆ ಕೆಳಗಿಟ್ಟು ಪಾರ್ಲಿಮೆಂಟಿನ ಕಡೆ ಮೆರವಣಿಗೆ ಹೋಗಿದ್ದರು, ದಿನಕ್ಕೆ ಎಂಟೇ ಗಂಟೆ ಕೆಲಸ ಅಂತ ಕೇಳಲು. ವಿಶ್ವವಿದ್ಯಾಲಯದ ಅಂಗಳದಲ್ಲಿ ಕಲ್ಲು ಕೆತ್ತುವವರೂ ಒಂದು ಪಾಠ ಮಾಡಿ ಹೋಗಿದ್ದಾರೆ ಅನ್ನಿ.

ನಮ್ಮ ಬ್ಯಾಚಿನಲ್ಲಿ ಟ್ರಾಮ್ ಓಡಿಸುವವನೊಬ್ಬ, ಇಬ್ಬರು ನರ್ಸುಗಳು, ಕಸಾಯಿಖಾನೆಯಲ್ಲಿ ಕೆಲಸ ಮಾಡುವ ಒಬ್ಬಾಕೆ. ಈ ಕಾಯ್ದೆಗಳ ಮೂಲ ಬ್ರಿಟನ್ನಿನ 1972ರ ರಾಬೆನ್ಸ್ ವರದಿ, ಕೆಲಸಗಾರರನ್ನು ಸೇರಿಸಿಕೊಳ್ಳದೆ ಸುರಕ್ಷತೆ ಸಾಧ್ಯವಿಲ್ಲ ಅಂತ ಹೇಳಿದ್ದೇ ಅದು ಅಂತ ಪಾಠ ಮಾಡಿದರು. ಕುತೂಹಲಕ್ಕೆ ರಾತ್ರಿ ಓದಿದೆ. ಆ ಲಾರ್ಡ್ ರಾಬೆನ್ಸ್ ಯಾರು ಗೊತ್ತೇ? 1966ರಲ್ಲಿ ವೇಲ್ಸಿನ ಆಬರ್‌ಫ್ಯಾನ್ ಊರಿನ ಶಾಲೆಯ ಮೇಲೆ ಗಣಿತ್ಯಾಜ್ಯದ ಗುಡ್ಡ ಕುಸಿದು 116 ಮಕ್ಕಳು, 28 ದೊಡ್ಡವರು ಸತ್ತಾಗ ಕಲ್ಲಿದ್ದಲು ಮಂಡಳಿಯ ಅಧ್ಯಕ್ಷರಾಗಿದ್ದವರು. ಶಾಲೆಯ ಹಿಂದಿನ ಗುಡ್ಡದಿಂದ ಅಪಾಯ ಅಂತ ಅಲ್ಲಿನ ಪುರಸಭೆಯ ಎಂಜಿನಿಯರ್ ವರ್ಷಗಳ ಮುಂಚೆಯೇ ಬರೆದು ತಿಳಿಸಿದ್ದರು. ಅಲ್ಲಾಡುವ ಕಲ್ಲು ಎಲ್ಲರಿಗೂ ಗೊತ್ತಿರುವುದು ನಮ್ಮ ತಾಲ್ಲೂಕಿನಲ್ಲಿ ಮಾತ್ರ ಅಲ್ಲ.

ಮೂರನೇ ದಿನ ಹೈಡ್ರೋಜನ್ ಸಲ್ಫೈಡ್ ಬಗ್ಗೆ ಒಂದು ಸ್ಲೈಡ್ ಬಂತು. ಕೊಳೆತ ಮೊಟ್ಟೆಯ ವಾಸನೆಯ ಅನಿಲ. ಸುಮಾರು 100 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ನೂರು ಪಾಲು, ದಾಟಿದರೆ ಮೂಗು ಸೋತು ವಾಸನೆಯೇ ತಿಳಿಯುವುದಿಲ್ಲ, ಸಾವು ಹತ್ತಿರ ಬಂದಾಗ ಎಲ್ಲ ಸರಿಯಾಯಿತು ಅನ್ನಿಸುತ್ತದೆ. ಲ್ಯಾಬಿನಲ್ಲಿ ಆ ಅನಿಲ ತಯಾರಿಸುವ ಗಾಜಿನ ಉಪಕರಣ, ಕಿಪ್ಸ್ ಅಪ್ಪರೇಟಸ್, ನನಗೆ ನೆನಪಾಯಿತು. ಸಾಲ್ಟ್ ಅನಾಲಿಸಿಸ್ ದಿನಗಳಲ್ಲಿ ಅಪ್ಪನ ಅಂಗಿ ಮೊಟ್ಟೆ ನಾರುತ್ತಿತ್ತು. ಮೊಟ್ಟೆಯನ್ನೇ ಮನೆಗೆ ತರದ ಅಮ್ಮ ಆ ಅಂಗಿಯನ್ನು ಹಿತ್ತಲಲ್ಲೇ ಬಿಚ್ಚಿಸುತ್ತಿದ್ದಳು. ಆಗ ಅಪ್ಪ ಹೇಳುತ್ತಿದ್ದ ಮಾತು: "ವಾಸನೆ ಬಂದ್ರೆ ಕಿಟಕಿ ತೆಗಿ. ವಾಸನೆ ನಿಂತ್ರೆ ಓಡು." ಎಸ್ಸೆಸ್ಸೆಲ್ಸಿ ಮುಗಿಸದ ಮನುಷ್ಯ. ಇದನ್ನು ಅವರಿಗೆ ಯಾರೂ ಕಲಿಸಿದ್ದಲ್ಲ, ಅವರನ್ನು ಯಾರೂ ಕೇಳಿದ್ದೂ ಇಲ್ಲ.

ನಮ್ಮಲ್ಲೂ ಕಾನೂನಿಲ್ಲ ಅಂತಲ್ಲ. ಭೋಪಾಲ್ ದುರಂತದ ನಂತರ 1987ರಲ್ಲಿ ಫ್ಯಾಕ್ಟರಿ ಕಾಯ್ದೆಗೆ ತಿದ್ದುಪಡಿ ತಂದು, ಅಪಾಯಕಾರಿ ಕಾರ್ಖಾನೆಗಳಲ್ಲಿ ಕಾರ್ಮಿಕರೂ ಆಡಳಿತದವರೂ ಸಮಸಮ ಇರುವ ಸುರಕ್ಷತಾ ಸಮಿತಿ ಬೇಕು ಅಂದರು. ಕಾಲೇಜಿನ ಲ್ಯಾಬು ಕಾರ್ಖಾನೆಯಲ್ಲ. ಆಸಿಡ್ಡಿಗೆ ಆ ವ್ಯತ್ಯಾಸ ಗೊತ್ತಿಲ್ಲ. 2018ರ ಡಿಸೆಂಬರಿನಲ್ಲಿ ಬೆಂಗಳೂರಿನ ಐಐಎಸ್‌ಸಿ ಲ್ಯಾಬಿನಲ್ಲಿ ಸ್ಫೋಟವಾಗಿ ಒಬ್ಬರು ಸತ್ತು ಮೂವರು ಗಾಯಗೊಂಡ ದಿನ ಅಪ್ಪ ಫೋನ್ ಮಾಡಿ ಕೇಳಿದ್ದು, "ಅಲ್ಲಿ ಅಟೆಂಡರು ಇದ್ದನಾ?" ಅಂತ.

ಇಲ್ಲಿಯದನ್ನು ಹೊಗಳುತ್ತಿದ್ದೇನೆ ಅಂದುಕೊಳ್ಳಬೇಡಿ. ಫೋಟೋ ಹಾಕಿದ ಎರಡನೇ ವಾರ, ಸಂಜೆ ಕಸ ತೆಗೆಯಲು ಬರುವ ನೇಪಾಳಿ ಹುಡುಗಿ ಲಿಫ್ಟಿನ ಹತ್ತಿರ ನಿಂತು ಗೋಡೆಯನ್ನೂ ನನ್ನನ್ನೂ ಸರದಿ ಮೇಲೆ ನೋಡಿದಳು. ಹಗಲು ಓದು, ಸಂಜೆ ಕಂಟ್ರಾಕ್ಟರ್ ಕೈಕೆಳಗೆ ಕೆಲಸ. "ವೇಸ್ಟ್ ರೂಮಿನಲ್ಲಿ ಏಳು ಗಂಟೆ ಮೇಲೆ ಸಿಹಿ ಸಿಹಿ ವಾಸನೆ ಬರುತ್ತೆ ದೀದಿ, ತಲೆ ನೋಯುತ್ತೆ" ಅಂದಳು. ಆಮೇಲೆ, "ನನ್ನ ಹೆಸರು ಹಾಕಬೇಡಿ."

ಹಗಲು ಹೋಗಿ ನೋಡಿದರೆ ಏನೂ ಇಲ್ಲ. ತಪಾಸಣೆಯ ಪಟ್ಟಿಯಲ್ಲಿ ವರ್ಷಗಟ್ಟಲೆ ಎಲ್ಲ ಸರಿ. ಒಂದು ಗುರುವಾರ ಮನೆಗೆ ಹೋಗದೆ ಉಳಿದೆ. ಆರೂವರೆಗೆ ಮೇಲಿನಿಂದ ಕೇಳುತ್ತಿದ್ದ ಭೋರ್ ಅನ್ನುವ ಸದ್ದು ಇಳಿಯಿತು. ಅಷ್ಟು ವರ್ಷ ಅಲ್ಲಿ ಸದ್ದಿದೆ ಅಂತಲೇ ನನಗೆ ಗೊತ್ತಿರಲಿಲ್ಲ, ನಿಂತಾಗ ತಿಳಿಯಿತು. ಏಳೂಕಾಲಿಗೆ ವಾಸನೆ ಬಂತು. ಕರೆಂಟು ಉಳಿಸಲು ರಾತ್ರಿ ಹೊತ್ತು ಎಕ್ಸಾಸ್ಟ್ ನಿಧಾನ ಮಾಡಿದ್ದರು. ಎರಡು ವರ್ಷದ ಹಿಂದಿನ ತೀರ್ಮಾನ. ಮಾಡುವ ಮುಂಚೆ ಆ ಹೊತ್ತಿನಲ್ಲಿ ಅಲ್ಲಿರುವವರನ್ನು ಕೇಳಬೇಕಿತ್ತು, ಕಂಟ್ರಾಕ್ಟಿನವರನ್ನೂ ಕೇಳಬೇಕು ಅಂತ ಕಾಯ್ದೆಯಲ್ಲೇ ಇದೆ. ಕೇಳಿದ್ದು ಆರೂವರೆಯೊಳಗೆ ಮನೆ ಸೇರುವವರನ್ನು.

ಪಿನ್ ಬರೆಯಬೇಕಾಗಿ ಬರಲಿಲ್ಲ. ಮ್ಯಾನೇಜರ್ ಒಳ್ಳೆಯವರೇ, ಹನ್ನೊಂದು ದಿನದಲ್ಲಿ ಆ ಕೋಣೆಯ ಫ್ಯಾನು ರಾತ್ರಿಯಿಡೀ ಓಡುವಂತಾಯಿತು. ಸಭೆಯಲ್ಲಿ ಚಪ್ಪಾಳೆ ತಟ್ಟಿದರು, ನನಗೆ. ಮುಂದಿನ ವಾರ ನೋಡಿದರೆ ಆ ಹುಡುಗಿ ಇಲ್ಲ. ಅವಳನ್ನು ಬೇರೆ ಕಟ್ಟಡಕ್ಕೆ ಹಾಕಿದ್ದಾರಂತೆ, ರೋಸ್ಟರ್ ಬದಲಾವಣೆಯಂತೆ. ಇರಬಹುದು. ಹೆಸರು ನಾನು ಹಾಕಿರಲಿಲ್ಲ. ಆದರೆ ಸಂಜೆ ಏಳಕ್ಕೆ ಆ ಕೋಣೆಗೆ ಹೋಗುವವಳು ಅವಳೊಬ್ಬಳೇ ಅನ್ನುವುದು ನನಗೆ ಹೊಳೆದದ್ದು ಆಮೇಲೆ. ದೂರು ಹೇಳಿದವರಿಗೆ ತೊಂದರೆ ಕೊಡಬಾರದು ಅಂತಲೂ ಇದೇ ಕಾಯ್ದೆ ಹೇಳುತ್ತದೆ. ರೋಸ್ಟರ್ ಯಾಕೆ ಬದಲಾಯಿತು ಅಂತ ಕಂಟ್ರಾಕ್ಟರಿಗೆ ಬರಹದಲ್ಲಿ ಕೇಳಿದ್ದೇನೆ. ಈ ಸಾಲು ಬರೆಯುವವರೆಗೂ ಉತ್ತರ ಬಂದಿಲ್ಲ.

ಅಪ್ಪನಿಗೆ ಇದನ್ನೂ ಹೇಳಿದೆ. ಅವರು 'ಪಾಪ' ಅಂದರು, ಆಮೇಲೆ ಸಂಬಂಧವಿಲ್ಲದ ಹಾಗೆ ಆಯುಧಪೂಜೆಯ ಮಾತು ತೆಗೆದರು. ವರ್ಷಕ್ಕೊಮ್ಮೆ ಲ್ಯಾಬು ತೊಳೆದು, ತಕ್ಕಡಿಗೂ ಕಿಪ್ಸ್ ಅಪ್ಪರೇಟಸ್ಸಿಗೂ ಕುಂಕುಮ ಇಟ್ಟು, ದೃಷ್ಟಿ ತೆಗೆದು ಬೂದುಗುಂಬಳಕಾಯಿ ಒಡೆಯುತ್ತಿದ್ದದ್ದು ಅವರೇ. "ಎಲ್ಲಿ ಒಡೀತಿದ್ದೆ ಗೊತ್ತಾ? ಆ ಚಪ್ಪಡಿ ಮೇಲೆ. ಒಂದೇ ಏಟಿಗೆ ಒಡೆಯೋದು, ಅಲ್ಲಾಡ್ತಿತ್ತಲ್ಲ." ಪ್ರಿನ್ಸಿಪಾಲರು ಪಕ್ಕದಲ್ಲೇ ಕೈಮುಗಿದು ನಿಂತಿರುತ್ತಿದ್ದರಂತೆ.

ಮೊನ್ನೆ ಭಾನುವಾರ ಫೋನ್ ಅವರೇ ಮಾಡಿದರು, ಮೊಮ್ಮಗಳು ಬೇಕು ಅಂತ. ಚಪ್ಪಲಿ ಮೆಟ್ಟಿಕೊಂಡು ಬೀದಿಗಿಳಿದು ಫೋನನ್ನು ಕೆಳಕ್ಕೆ ತಿರುಗಿಸಿದರು. ಮನೆ ಮುಂದಿನ ಚರಂಡಿಯ ಹಾಸುಗಲ್ಲು ಮುರಿದು ಬಾಯ್ದೆರೆದಿತ್ತು. ಅದರೊಳಗೆ ಹೊಂಗೆ ಕೊಂಬೆಯೊಂದನ್ನು ನೆಟ್ಟಗೆ ಸಿಕ್ಕಿಸಿ, ತುದಿಗೆ ಅಮ್ಮನ ಹಳೇ ಕೆಂಪು ರವಿಕೆಯ ಚೂರು ಕಟ್ಟಿದ್ದರು.

"ನೋಡು ಮರಿ, ನಿನ್ನ ಟೋಪಿ."

"ಯಾರಿಗೆ ಹೇಳ್ದೆ ತಾತ?"

"ಪುರಸಭೆಗೆ ಅರ್ಜಿ ಕೊಟ್ಟೆ. ನನ್ನ ಹೆಸರು ಹಾಕಿ, ಸೈನು ಮಾಡಿ."

"ಸ್ವೀಕೃತಿ ಇಸ್ಕೊಂಡ್ರಾ?" ಅಂತ ನಾನು ಹಿಂದಿನಿಂದ ಕೂಗಿದೆ.

ಇಸ್ಕೊಂಡಿರಲಿಲ್ಲ. ನಾಳೆ ಬೆಳಗ್ಗೆ ಹೋಗಿ ಸೀಲು ಹಾಕಿಸಿಕೊಂಡು ಬರುತ್ತೇನೆ ಅಂದರು.