ಅದೇ ಹಣಕ್ಕೆ ಮಸ್ಟಾಂಗ್ ಬರುತ್ತಿತ್ತಲ್ಲ?

ಮಿಶಿಗನ್ನಿನ ನಮ್ಮ ಊರಿನ ಪೆಟ್ರೋಲ್ ಬಂಕಿನಲ್ಲಿ ಅಪರಿಚಿತರು ಕೇಳುತ್ತಾರೆ, ಯುಗಾದಿಗೆ ಸೇರುವ ಕನ್ನಡದ ಗೆಳೆಯರು ಕೇಳುತ್ತಾರೆ, ಶಿವಮೊಗ್ಗದಿಂದ ಫೋನ್ ಮಾಡುವ ನಮ್ಮ ಭಾವನವರಂತೂ ಪ್ರತಿ ಸಲ ಕೇಳುತ್ತಾರೆ: ಆರು ವರ್ಷ ಕಷ್ಟಪಟ್ಟು ಒಂದು ಹಳೆಯ ಸ್ಟೇಷನ್ ವ್ಯಾಗನ್ ಸರಿಮಾಡಿಸಿದಿರಲ್ಲ, ಅದೇ ಹಣಕ್ಕೆ ಫೋರ್ಡ್ ಕಂಪನಿಯ ಒಳ್ಳೆಯ ಮಸ್ಟಾಂಗ್ ಸ್ಪೋರ್ಟ್ಸ್ ಕಾರು ಬರುತ್ತಿರಲಿಲ್ಲವೇ? ಬರುತ್ತಿತ್ತು. ಅದನ್ನು ಮುಂದೆ ಮಾರಿದ್ದರೆ ಹಾಕಿದ ಹಣದ ಬಹುಪಾಲು ವಾಪಸ್ಸೂ ಬರುತ್ತಿತ್ತು. ನನ್ನ ವ್ಯಾಗನ್ನಿಗೆ, ಅಂದರೆ ಚಾವಣಿ ಹಿಂಬಾಗಿಲಿನವರೆಗೂ ಚಾಚಿದ, ಮನೆಮಂದಿಯನ್ನೂ ಸಾಮಾನನ್ನೂ ಹೊರುವ ಉದ್ದನೆಯ ಕಾರಿಗೆ, ಆ ಭರವಸೆ ಇಲ್ಲ. ಹಾಗಿದ್ದೂ ನಾನು ಇದನ್ನೇ ಏಕೆ ಆರಿಸಿಕೊಂಡೆ ಎಂಬುದನ್ನು ನಿಂತ ನಿಲುವಿನಲ್ಲಿ ಹೇಳಿ ಮುಗಿಸಲು ಆಗದ ಕಾರಣ, ಇಲ್ಲಿ ಸಾವಧಾನವಾಗಿ ಬರೆಯುತ್ತಿದ್ದೇನೆ.

ನನ್ನದು 1973ರ ಓಲ್ಡ್ಸ್‌ಮೊಬೈಲ್ ಕಸ್ಟಮ್ ಕ್ರೂಸರ್. ಉದ್ದ 5.7 ಮೀಟರಿಗೂ ಹೆಚ್ಚು, ತೂಕ ಎರಡು ಟನ್ನಿಗೂ ಹೆಚ್ಚು. ನಾವು ಓಡಾಡಿ ಬೆಳೆದ ಅಂಬಾಸಿಡರ್ ಸುಮಾರು 4.3 ಮೀಟರ್ ಇತ್ತೆಂಬುದನ್ನು ನೆನೆದರೆ ಗಾತ್ರದ ಅಂದಾಜು ಸಿಗುತ್ತದೆ. ಎಂಜಿನ್ ಎಂಟು ಸಿಲಿಂಡರಿನದು, ಏಳೂವರೆ ಲೀಟರ್ ಸಾಮರ್ಥ್ಯದ್ದು. ಒಂದು ಲೀಟರ್ ಪೆಟ್ರೋಲಿಗೆ ನಾಲ್ಕು ಕಿಲೋಮೀಟರ್ ಓಡಿದರೆ ನನಗೆ ಸಮಾಧಾನ. ಅರಬ್ ದೇಶಗಳು 1973ರ ಅಕ್ಟೋಬರಿನಲ್ಲಿ ತೈಲ ಕೊಡುವುದನ್ನು ನಿಲ್ಲಿಸಿ ಅಮೆರಿಕದ ಬಂಕುಗಳ ಮುಂದೆ ಸಾಲು ಬೆಳೆಯುವುದಕ್ಕೆ ಸ್ವಲ್ಪವೇ ಮೊದಲು ಕಾರ್ಖಾನೆಯಿಂದ ಹೊರಬಂದ ಕಾರು ಇದು. ಪೆಟ್ರೋಲಿನ ಬೆಲೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯದ ಕಾಲದ ಕೊನೆಯ ಕೂಸುಗಳಲ್ಲಿ ಒಂದು.

ಇಂಥ ಕಾರುಗಳ ಮುಂದಿನ ಅರ್ಧ ಆ ವರ್ಷದ ಸೆಡಾನ್‌ಗಳದ್ದೇ ಆಗಿರುತ್ತದೆ. ಎಂಜಿನ್, ಗೇರ್‌ಬಾಕ್ಸ್, ಮುಂದಿನ ಬ್ರೇಕು ಎಲ್ಲವೂ ಲಕ್ಷಗಟ್ಟಲೆ ತಯಾರಾದ ವಸ್ತುಗಳು, ಇಂದಿಗೂ ಸಿಗುತ್ತವೆ. ವ್ಯಾಗನ್ ಎನಿಸಿಕೊಳ್ಳುವುದು ಚಾಲಕನ ಬೆನ್ನಿನ ಹಿಂದೆ ಶುರುವಾಗುತ್ತದೆ, ಮತ್ತು ಅಲ್ಲಿಂದಾಚೆಗಿನ ಯಾವುದನ್ನೂ ಇವತ್ತು ಯಾರೂ ಹೊಸದಾಗಿ ತಯಾರಿಸುವುದಿಲ್ಲ ಎಂದರೆ ಹೆಚ್ಚು ತಪ್ಪಾಗದು. ಹಳೆಯ ಮಸ್ಟಾಂಗ್‌ಗೆ ಇಡೀ ಉಕ್ಕಿನ ಮೈಯನ್ನೇ ಹೊಸದಾಗಿ ಕೊಳ್ಳಬಹುದು. ನನ್ನ ಕಾರಿನ ಹಿಂಬದಿಯ ಗಾಜಿನ ಸುತ್ತಲಿನ ಒಂದು ರಬ್ಬರ್ ಪಟ್ಟಿಗಾಗಿ ನಾನು ಎರಡು ವರ್ಷ ಹುಡುಕಿದ್ದೇನೆ. ನನ್ನ ಉತ್ತರವಿರುವುದೂ ಈ ಹಿಂದಿನ ಅರ್ಧದಲ್ಲಿಯೇ.

ಓಲ್ಡ್ಸ್‌ಮೊಬೈಲ್ ಕಾರುಗಳನ್ನು ತಯಾರಿಸುತ್ತಿದ್ದ ಜನರಲ್ ಮೋಟರ್ಸ್ ಕಂಪನಿ 1971ರಿಂದ 1976ರವರೆಗಿನ ತನ್ನ ದೊಡ್ಡ ವ್ಯಾಗನ್‌ಗಳಿಗೆ ಕೂರಿಸಿದ ಹಿಂಬಾಗಿಲಿಗೆ ಕ್ಲಾಮ್‌ಶೆಲ್ ಎಂಬ ಹೆಸರು ಬಿದ್ದಿದೆ, ಅಂದರೆ ಕಪ್ಪೆಚಿಪ್ಪು. ಹೆಸರು ಹಾಗಿದ್ದರೂ ಅದು ಚಿಪ್ಪಿನಂತೆ ಬಾಯಿ ತೆರೆಯುವುದಿಲ್ಲ; ಕೀಲಿ ತಿರುಗಿಸಿದರೆ ಗಾಜು ಮೇಲಕ್ಕೆ ಸರಿದು ಚಾವಣಿಯೊಳಗೆ ಸೇರುತ್ತದೆ, ಕೆಳಗಿನ ಉಕ್ಕಿನ ಬಾಗಿಲು ಬಾಗುತ್ತಾ ಇಳಿದು ನೆಲಹಾಸಿನ ಅಡಿಗೆ ಹೋಗಿ ಮರೆಯಾಗುತ್ತದೆ. ಹೊರಗೆ ಚಾಚುವ ಭಾಗವೇ ಇಲ್ಲವಾದ್ದರಿಂದ ಗೋಡೆಗೆ ತಾಗುವಂತೆ ನಿಲ್ಲಿಸಿದಾಗಲೂ ಬಾಗಿಲು ತೆರೆಯಬಹುದು, ಭಾರ ಎತ್ತಿಡುವವರು ಒಳಗಿನ ನೆಲದ ಅಂಚಿನವರೆಗೂ ಬಂದು ನಿಲ್ಲಬಹುದು. ಆ ಬಾಗಿಲಿಗೆ ಅಡಿಯಲ್ಲಿ ಜಾಗ ಮಾಡಿಕೊಡಬೇಕಾಗಿತ್ತೆಂದು ಸೆಡಾನ್‌ಗಳಲ್ಲಿದ್ದ ಸುರುಳಿ ಸ್ಪ್ರಿಂಗನ್ನು ಬಿಟ್ಟು, ಲಾರಿಗಳಲ್ಲಿರುವಂಥ ಕಮಾನು ಪಟ್ಟಿಗಳನ್ನು ಹಿಂದಿನ ಚಕ್ರಗಳಿಗೆ ಕೊಟ್ಟರು. ಒಂದು ಬಾಗಿಲಿಗಾಗಿ ಇಡೀ ಕಾರಿನ ಹಿಂಭಾಗವನ್ನು ಬೇರೆಯಾಗಿ ಆಲೋಚಿಸಿದ ಆ ಧೈರ್ಯವನ್ನು ನಾನು ಬಹಳ ಗೌರವಿಸುತ್ತೇನೆ. ಸೀಟುಗಳನ್ನು ಮಡಚಿ ಬಾಗಿಲು ಮುಚ್ಚಿದರೆ ನಾಲ್ಕು ಅಡಿ ಅಗಲ, ಎಂಟು ಅಡಿ ಉದ್ದದ ಪ್ಲೈವುಡ್ ಹಲಗೆ ಒಳಗೆ ಚಪ್ಪಟೆಯಾಗಿ ಮಲಗುತ್ತದೆ. ಮಡಚದಿದ್ದರೆ ಮೂರು ಸಾಲು ಜನ, ಎಲ್ಲರೂ ಮುಂದಕ್ಕೆ ಮುಖ ಮಾಡಿ ಕೂರುತ್ತಾರೆ.

ಅದೇ ಬಾಗಿಲು ಈ ಕಾರಿನ ದೊಡ್ಡ ರೋಗವೂ ಹೌದು. ಬಾಗಿಲು ಹೋಗಿ ಕೂರುವ ಗೂಡಿನೊಳಗೆ ರಸ್ತೆಯ ಕೆಸರು, ನೀರು, ಉದುರಿದ ಎಲೆ ಎಲ್ಲ ಸೇರುತ್ತವೆ. ನೀರು ಹೊರಹೋಗುವ ರಂಧ್ರಗಳು ಕಟ್ಟಿಕೊಂಡರೆ ತುಕ್ಕು ಒಳಗಿನಿಂದಲೇ ತಿನ್ನುತ್ತಾ ಬರುತ್ತದೆ. ಮಿಶಿಗನ್ನಿನಲ್ಲಿ ಇದರ ಜೊತೆಗೆ ಉಪ್ಪು. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಸುರಿಯುವ ಈ ಉಪ್ಪಿನ ಗಣಿಯೊಂದು ಡೆಟ್ರಾಯಿಟ್ ನಗರದ ಅಡಿಯಲ್ಲೇ, ಸಾವಿರ ಅಡಿಗೂ ಆಳದಲ್ಲಿದೆ. ಕಾರುಗಳನ್ನು ಹೆತ್ತ ನೆಲದ ಹೊಟ್ಟೆಯೊಳಗೇ ಅವನ್ನು ತಿನ್ನುವ ಉಪ್ಪು ಇದೆಯೆಂದು ತಿಳಿದ ದಿನ ನಾನು ಬಹಳ ಹೊತ್ತು ಅದನ್ನೇ ಯೋಚಿಸುತ್ತಿದ್ದೆ.

2014ರಲ್ಲಿ ಇಂಡಿಯಾನಾದ ಒಂದು ಹೊಲದ ಕೊಟ್ಟಿಗೆಯಿಂದ ಈ ಕಾರನ್ನು ತಂದಾಗ ಎಂಜಿನ್ ಎರಡನೆಯ ದಿನವೇ ಮಾತನಾಡಿತು. ಕಾರ್ಬುರೇಟರ್ ಬಿಚ್ಚಿ ತೊಳೆದು, ಈಗಿನ ಎಥನಾಲ್ ಬೆರೆತ ಪೆಟ್ರೋಲಿಗೆ ತಾಳಿಕೆಯಿಲ್ಲದ ಹಳೆಯ ರಬ್ಬರ್ ಕೊಳವೆಗಳನ್ನೆಲ್ಲ ಬದಲಿಸಿದ್ದಷ್ಟೇ ಅಲ್ಲಿನ ದೊಡ್ಡ ಕೆಲಸ. ಟಿಂಕರಿಂಗ್ ಕೆಲಸಕ್ಕೆ ಮಾತ್ರ ನಾನು ಮೊದಲು ಹೋದ ಗ್ಯಾರೇಜಿನವರು ಹಿಂದಿನ ಚಕ್ರಗಳ ಆಚೆಗಿನ ತುಕ್ಕಿನ ಮೇಲೆ ಪುಟ್ಟಿ ಬಳಿದು, ಬಣ್ಣ ಹೊಡೆದು, ಅಂದವಾಗಿ ಕೊಟ್ಟರು. ಮುಂದಿನ ವಸಂತಕ್ಕೆ ಬಣ್ಣ ಗುಳ್ಳೆಯೆದ್ದಿತು. ಆಮೇಲೆ ನಾನೇ ವೆಲ್ಡಿಂಗ್ ಕಲಿತೆ. ತುಕ್ಕು ಹಿಡಿದ ತಗಡನ್ನು ಹೊಳೆಯುವ ಉಕ್ಕು ಕಾಣುವವರೆಗೂ ಕತ್ತರಿಸಿ ತೆಗೆದು, ಆ ಬಾಗಿಗೆ ತಕ್ಕಂತೆ ಹೊಸ ತಗಡನ್ನು ಬಡಿದು, ಒಂದು ಚುಕ್ಕಿ ಬೆಸೆದು ಅದು ಆರಿದ ಮೇಲೆ ಇನ್ನೊಂದು ಚುಕ್ಕಿ ಬೆಸೆಯಬೇಕು. ಅವಸರ ಮಾಡಿದರೆ ಕಾವಿಗೆ ತಗಡು ಹಪ್ಪಳದಂತೆ ಸುರುಟುತ್ತದೆ. ಎಡಬದಿ ಒಂದಕ್ಕೇ ನನಗೆ ಒಂದು ಇಡೀ ಚಳಿಗಾಲ ಹಿಡಿಯಿತು.

ಕಾರಿನ ಮೈಯ ಎರಡೂ ಬದಿಯಲ್ಲಿ ಕಾಣುವ ಮರದ ವಿಷಯವನ್ನೂ ಹೇಳಬೇಕು, ಏಕೆಂದರೆ ಅದು ನಿಜವಾದ ಮರವೇ ಎಂದು ಮಕ್ಕಳು ಮುಟ್ಟಿ ನೋಡುತ್ತಾರೆ. ಅದು ಮರದ ಚಿತ್ರ ಅಚ್ಚಾದ ವಿನೈಲ್ ಹಾಳೆ. ಆದರೆ ಅದಕ್ಕೊಂದು ವಂಶಾವಳಿ ಇದೆ. ರೈಲ್ವೆ ಸ್ಟೇಷನ್ನಿನಿಂದ ಪ್ರಯಾಣಿಕರನ್ನೂ ಅವರ ಪೆಟ್ಟಿಗೆಗಳನ್ನೂ ಹೊತ್ತು ತರುತ್ತಿದ್ದ ಬಂಡಿಯಾದ್ದರಿಂದಲೇ ಇದು ಸ್ಟೇಷನ್ ವ್ಯಾಗನ್. ಮೊದಮೊದಲು ಬಡಗಿಗಳು ಕಾರಿನ ಚಾಸಿಯ ಮೇಲೆ ಮರದ ಮೈ ಕಟ್ಟಿ ಕೊಡುತ್ತಿದ್ದರು. ಫೋರ್ಡ್ ಕಂಪನಿ ಮಿಶಿಗನ್ನಿನ ಉತ್ತರದ ಐರನ್ ಮೌಂಟನ್ ಎಂಬ ಊರಿನಲ್ಲಿ ತನ್ನದೇ ಕಾಡಿನ ಮರ ಕಡಿದು, ಕೊಯ್ದು, ವ್ಯಾಗನ್‌ಗಳ ಮೈ ಮಾಡಿಸುತ್ತಿತ್ತು. ಆ ಮರಕ್ಕೆ ದೋಣಿಗೆ ಮಾಡುವಂತೆ ಮತ್ತೆ ಮತ್ತೆ ವಾರ್ನಿಷ್ ಹಚ್ಚಬೇಕಾಗುತ್ತಿತ್ತು. 1946ರಲ್ಲಿ ವಿಲ್ಲಿಸ್ ಜೀಪ್ ವ್ಯಾಗನ್, 1949ರಲ್ಲಿ ಪ್ಲಿಮತ್ ಸಬರ್ಬನ್ ಪೂರ್ತಿ ಉಕ್ಕಿನ ಮೈಯಲ್ಲಿ ಬಂದ ಮೇಲೆ ಮರದ ಅಗತ್ಯ ಮುಗಿಯಿತು, ಆದರೆ ಕೊಳ್ಳುವವರ ಮನಸ್ಸಿನಿಂದ ಮರ ಹೋಗಲಿಲ್ಲ. ಮುಂದಿನ ನಾಲ್ಕು ದಶಕಗಳ ಕಾಲ ಉಕ್ಕಿನ ಮೇಲೆ ಅದರ ಚಿತ್ರವನ್ನು ಅಂಟಿಸುತ್ತಲೇ ಬಂದರು. ಇದನ್ನು ಅಗ್ಗದ ಅಲಂಕಾರವೆಂದು ಕಿತ್ತೊಗೆದು ಒಂದೇ ಬಣ್ಣ ಬಳಿಸುವವರಿದ್ದಾರೆ. ನನಗೆ ಅದು ಸರಿಕಾಣುವುದಿಲ್ಲ. ಹಾಳೆಯ ಅಂಚಿನ ಪಟ್ಟಿಗಳ ಹಿಂದೆ ನೀರು ನಿಂತು ತುಕ್ಕು ಹಿಡಿಯುತ್ತದೆಂಬುದು ನಿಜ, ಹಾಗಾಗಿ ಪ್ರತಿ ಪಟ್ಟಿಯನ್ನೂ ಬಿಚ್ಚಿ, ಕೆಳಗೆ ಪೂರ್ತಿ ಬಣ್ಣ ಹೊಡೆದು, ಪಟ್ಟಿ ಕೂರುವ ತೂತುಗಳಿಗೆಲ್ಲ ನೀರು ನುಸುಳದ ಲೇಪ ಕೊಟ್ಟು, ಹಳೆಯ ಹಾಳೆಯ ಫೋಟೋ ತೆಗೆದು ಅದೇ ನಮೂನೆಯಲ್ಲಿ ಮುದ್ರಿಸಿದ ಹೊಸ ಹಾಳೆಯನ್ನು ಅಂಟಿಸಿದೆ. ಅಂಟಿಸುವ ದಿನ ನನ್ನ ಹೆಂಡತಿ, ಮಗ ಇಬ್ಬರೂ ಹಾಳೆಯ ತುದಿ ಹಿಡಿದು ನಿಂತಿದ್ದರು.

ಇಷ್ಟಾದರೂ ವ್ಯಾಗನ್‌ಗಳು ಏಕೆ ಉಳಿಯಲಿಲ್ಲ ಎಂದರೆ, ಅವನ್ನು ಯಾರೂ ಉಳಿಸಬೇಕೆಂದು ಕೊಂಡಿರಲಿಲ್ಲ. ಮಸ್ಟಾಂಗ್ ಕೊಂಡವನು ಅದನ್ನು ಒರೆಸಿ ಇಟ್ಟ. ವ್ಯಾಗನ್ನಿನಲ್ಲಿ ಮಕ್ಕಳು ಐಸ್‌ಕ್ರೀಮ್ ಚೆಲ್ಲಿದರು, ನಾಯಿ ಸೀಟು ಕಿತ್ತಿತು, ಸಿಮೆಂಟು ಚೀಲ ಬಂತು, ದೋಣಿ ಎಳೆಯಿತು. ಕೊನೆಗೆ ಮೂರನೆಯ ಒಡೆಯನ ಕೈಯಿಂದ ಗುಜರಿಗೆ ಹೋಯಿತು. ಹಳ್ಳಿಯ ಜಾತ್ರೆಗಳಲ್ಲಿ ಕಾರಿಗೆ ಕಾರು ಗುದ್ದಿಸುವ ಡೆಮಾಲಿಷನ್ ಡರ್ಬಿ ಪಂದ್ಯಗಳಲ್ಲಿ, ಹಿಂಭಾಗ ಉದ್ದವಿದ್ದು ಎಷ್ಟು ಗುದ್ದಿದರೂ ಎಂಜಿನ್ನಿಗೆ ಪೆಟ್ಟಾಗದೆಂಬ ಕಾರಣಕ್ಕೆ, ಹುಡುಕಿ ಹುಡುಕಿ ಇವನ್ನೇ ಹಾಳುಮಾಡಿದರು. ಆಮೇಲೆ 1984ರ ಮಾದರಿಯಾಗಿ ಕ್ರೈಸ್ಲರ್‌ನ ಮಿನಿವ್ಯಾನ್ ಬಂತು, ಅದರ ಹಿಂದೆಯೇ ಎಸ್‌ಯುವಿಗಳು. 1996ರಲ್ಲಿ ಬ್ಯೂಕ್ ರೋಡ್‌ಮಾಸ್ಟರ್ ವ್ಯಾಗನ್ನಿನ ತಯಾರಿಕೆ ನಿಂತಾಗ ಆ ದೊಡ್ಡ ವ್ಯಾಗನ್‌ಗಳ ಸಂತತಿಯೇ ನಿಂತಿತು. ದುಡಿದು ಸವೆದ ವಸ್ತುವಿಗೆ ಮನ್ನಣೆ ಸಿಗಬೇಕೆಂದು ನನಗೆ ಬಲವಾಗಿ ಅನ್ನಿಸುತ್ತದೆ. ಒಬ್ಬನ ಮೋಜಿನ ಕಾರುಗಳು ಪ್ರತಿ ಪ್ರದರ್ಶನದಲ್ಲೂ ಸಾಲುಗಟ್ಟಿ ನಿಂತಿರುವಾಗ, ಇಡೀ ಮನೆಯನ್ನು ಹೊತ್ತ ಕಾರು ಒಂದಾದರೂ ಅಲ್ಲಿರಬೇಕು.

ಹೀಗೆ ಕೇಳಿದವರಲ್ಲಿ ಕೆಲವರು ತಾವೂ ಒಂದನ್ನು ಕೊಳ್ಳುವ ಮನಸ್ಸಿನಲ್ಲಿರುತ್ತಾರೆ. ಅವರಿಗೆ ನಾನು ಹೇಳುವುದು, ಬಾನೆಟ್ ಆಮೇಲೆ ಎತ್ತಿ, ಮೊದಲು ಹಿಂಬಾಗಿಲು ತೆರೆಯಿರಿ ಎಂದು. ಗಾಜು ಚಾವಣಿಗೆ ಹೋಗಿ ಸರಾಗವಾಗಿ ಹಿಂತಿರುಗುತ್ತದೆಯೇ, ಮೂರನೆಯ ಸೀಟಿನ ಚಿಲಕ, ಪಕ್ಕದ ಪ್ಲಾಸ್ಟಿಕ್ ಹೊದಿಕೆ, ಚಾವಣಿಯ ಮೇಲಿನ ಲಗೇಜು ಕಂಬಿ ಎಲ್ಲವೂ ಇವೆಯೇ ಎಂದು ನೋಡಬೇಕು; ತುಕ್ಕಿದ್ದರೂ ಎಲ್ಲ ಭಾಗಗಳಿರುವ ಕಾರು, ತುಕ್ಕಿಲ್ಲದೆ ಅರ್ಧ ಭಾಗ ಕಳೆದುಕೊಂಡ ಕಾರಿಗಿಂತ ಮೇಲು. ಹಿಂಬಾಗಿಲಿನ ರಬ್ಬರನ್ನು ಎಂದೂ ಅಲಕ್ಷಿಸಬಾರದು. ಓಡುವ ವ್ಯಾಗನ್ನಿನ ಹಿಂದೆ ಗಾಳಿಯ ಒತ್ತಡ ಇಳಿದು, ತನ್ನದೇ ಹೊಗೆ ಸುತ್ತಿಕೊಂಡು ಬರುತ್ತದೆ. ಗಾಜು ತೆರೆದಿದ್ದರೆ, ಅಥವಾ ರಬ್ಬರ್ ಬಿರುಕಿದ್ದರೆ, ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಹಿಂದೆ ಕೂತವರತ್ತ ಸೇರುತ್ತದೆ. ನಾನು ಆ ರಬ್ಬರ್ ಪಟ್ಟಿಗಾಗಿ ಎರಡು ವರ್ಷ ಕಾದದ್ದು ಅಂದಕ್ಕಲ್ಲ.

ಇಲ್ಲಿ 26 ವರ್ಷ ದಾಟಿದ ಕಾರಿಗೆ ಐತಿಹಾಸಿಕ ವಾಹನದ ನಂಬರ್ ಪ್ಲೇಟ್ ಕಡಿಮೆ ಶುಲ್ಕಕ್ಕೆ ಸಿಗುತ್ತದೆ, ಆದರೆ ಆಗಸ್ಟ್ ತಿಂಗಳೊಂದನ್ನು ಬಿಟ್ಟರೆ ಪ್ರದರ್ಶನ, ಮೆರವಣಿಗೆಗಳಂಥ ಸಂದರ್ಭಕ್ಕಷ್ಟೇ ಅದನ್ನು ಹೊರತೆಗೆಯಬಹುದು. ನಾನು ಸಾಮಾನ್ಯ ಪ್ಲೇಟನ್ನೇ ಇಟ್ಟುಕೊಂಡಿದ್ದೇನೆ. ಹೋದ ಬೇಸಿಗೆಯಲ್ಲಿ ಊರಿನಿಂದ ಬಂದಿದ್ದ ಅಮ್ಮ, ಅತ್ತೆ, ಮಾವ, ನಾವು ಮೂವರು, ಜೊತೆಗೆ ಬುತ್ತಿಯ ಡಬ್ಬಿಗಳು, ಎಲ್ಲವೂ ಇದರಲ್ಲೇ ಮಿಶಿಗನ್ ಸರೋವರದ ದಡಕ್ಕೆ ಹೋದೆವು. ಅಮ್ಮ ನಡುವಿನ ಸೀಟಿನಲ್ಲಿ ಕಾಲು ಮಡಚಿ ಕೂತು, "ಇದು ಕಾರೇನೋ, ನಮ್ಮ ಹಳೇ ಮನೆ ಪಡಸಾಲೆ ಇದ್ದ ಹಾಗಿದೆಯಲ್ಲೋ" ಎಂದರು. ದಡದಲ್ಲಿ ಹಿಂಬಾಗಿಲು ನೆಲದಡಿಗೆ ಸರಿದಾಗ ಮಾವನವರು ಅದನ್ನು ಮೂರು ಸಲ ಮುಚ್ಚಿಸಿ ತೆರೆಸಿ ನೋಡಿದರು. ಮೂರು ಸಲವೂ ಅದು ಎಲ್ಲಿಯೂ ತೊಡರಲಿಲ್ಲ.