ತೆರೆಮರೆಯ ಟಿಪ್ಪಣಿ: ನಾಲ್ಕನೇ ಚಿತ್ರಕ್ಕೆ ಕೆಟ್ಟ ಲೆಕ್ಕ

ಚಿತ್ರ ತಯಾರಿಕೆಯ ಸಾಕ್ಷ್ಯಚಿತ್ರಗಳನ್ನು ನೋಡಿ ಟಿಪ್ಪಣಿ ಮಾಡುವ ನನ್ನ ಕೆಲಸ ನಾಲ್ಕನೆಯದರಲ್ಲಿ ತೊಡಕಿಗೆ ಸಿಕ್ಕಿದೆ. ಮೊದಲು ಹಾಕಿಕೊಂಡಿದ್ದ ಕಲಂ ಎರಡೇ: ಸೆಟ್‌ನಲ್ಲಿ ಏನು ಕೆಟ್ಟಿತು, ಹೊರೆ ಯಾರ ತಲೆಗೆ ಬಿತ್ತು. ಎರಡನೇ ಚಿತ್ರ ಮುಗಿದ ರಾತ್ರಿ ಅಂಚಿನಲ್ಲಿ ಗೆರೆ ಎಳೆದು ‘ನಂಟು’ ಎಂಬ ಮೂರನೆಯದನ್ನು ಸೇರಿಸಿದೆ. ಕ್ಯಾಮೆರಾ ಹಿಡಿದವರಿಗೆ ನಿರ್ದೇಶಕರು ಏನಾಗಬೇಕು?

ಅದಕ್ಕೆ ಕಾರಣ ‘ಹಾರ್ಟ್ಸ್ ಆಫ್ ಡಾರ್ಕ್‌ನೆಸ್’ (1991). ಅದು ತೋರಿಸುವ ‘ಅಪೋಕ್ಯಾಲಿಪ್ಸ್ ನೌ’ ಚಿತ್ರೀಕರಣ 1976ರಲ್ಲಿ ಫಿಲಿಪ್ಪೀನ್ಸ್‌ನಲ್ಲಿ ಶುರುವಾಯಿತು. ಚಂಡಮಾರುತ ಸೆಟ್‌ಗಳನ್ನು ಕೆಡವಿತು. ಮರುವರ್ಷ ನಾಯಕ ನಟ ಮಾರ್ಟಿನ್ ಶೀನ್‌ಗೆ ಹೃದಯಾಘಾತವಾಯಿತು. ಇವೆಲ್ಲ ಮೊದಲ ಕಲಮಿಗೆ ಸರಾಗವಾಗಿ ಹೋದವು. ನನ್ನನ್ನು ಹಿಡಿದು ನಿಲ್ಲಿಸಿದ್ದು ಚಿತ್ರವಲ್ಲ, ಧ್ವನಿ. ಪ್ರಚಾರಕ್ಕೆಂದು ಕ್ಯಾಮೆರಾ ಹಿಡಿದಿದ್ದ ಎಲೀನರ್ ಕೊಪ್ಪೊಲಾ, ನಿರ್ದೇಶಕರಾದ ತಮ್ಮ ಗಂಡನ ಖಾಸಗಿ ಮಾತುಗಳನ್ನು ಅವರಿಗೆ ತಿಳಿಯದಂತೆ ಧ್ವನಿಮುದ್ರಿಸಿಕೊಂಡಿದ್ದರು. ಚಿತ್ರ ಕೆಟ್ಟದಾಗಿ ಬರುತ್ತಿದೆ ಎಂದು ಆತ ಒದ್ದಾಡುವ ಆ ಮಾತು ಸಂದರ್ಶನದ ಕುರ್ಚಿಯಲ್ಲಿ ಎಂದೂ ಹುಟ್ಟದು. ಹಿಂದಕ್ಕೆ ತಿರುಗಿಸಿ ಮೂರು ಸಲ ಕೇಳಿದೆ. ಬಾಗಿಲಿಗೆ ಕಿವಿಯಿಟ್ಟಂತೆ ಮುಜುಗರವೂ ಆಯಿತು.

ಹೊಸ ಕಲಮಿಗೆ ಮೊದಲು ನೋಡಿದ್ದ ‘ಬರ್ಡನ್ ಆಫ್ ಡ್ರೀಮ್ಸ್’ (1982) ಕೂಡ ಒಗ್ಗಿತು. ನಿರ್ದೇಶಕ ವರ್ನರ್ ಹೆರ್ಜೋಗ್ ತಮ್ಮ ಚಿತ್ರಕ್ಕಾಗಿ ಪೆರುವಿನ ಕಾಡಿನಲ್ಲಿ ನಿಜವಾದ ಹಡಗನ್ನೇ ಗುಡ್ಡ ಹತ್ತಿಸಿದ್ದನ್ನು ಸೆರೆಹಿಡಿದ ಲೆಸ್ ಬ್ಲ್ಯಾಂಕ್, ಅದಕ್ಕೂ ಮೊದಲೇ ಹೆರ್ಜೋಗ್ ತಮ್ಮ ಬೂಟನ್ನು ಬೇಯಿಸಿ ತಿಂದದ್ದನ್ನು ಚಿತ್ರಿಸಿದವರು. ಬೂಟು ತಿನ್ನುವುದನ್ನು ಕಂಡವರೆದುರು ಇನ್ನೆಂಥ ಬಿಗುಮಾನ!

‘ಲಾಸ್ಟ್ ಇನ್ ಲಾ ಮಂಚಾ’ (2002) ಕೂಡ ಹಾಗೆಯೇ. ಅದನ್ನು ತೆಗೆದ ಜೋಡಿ ನಿರ್ದೇಶಕ ಟೆರಿ ಗಿಲಿಯಮ್ ಅವರ ಹಿಂದಿನ ಚಿತ್ರವೊಂದರ ತೆರೆಮರೆಯಲ್ಲೂ ಇತ್ತು. ಚಿತ್ರೀಕರಣದ ಎರಡನೇ ದಿನವೇ ನೆರೆ ನುಗ್ಗಿ ಸಲಕರಣೆ ಕೊಚ್ಚಿಕೊಂಡು ಹೋಯಿತು, ನೆಲದ ಬಣ್ಣವೂ ಬದಲಾಗಿ ಹಿಂದಿನ ದಿನದ ಶಾಟ್‌ಗಳಿಗೆ ಮುಂದಿನವು ಹೊಂದದಾದವು.

ಲೆಕ್ಕ ಕೂಡಿತೆಂದು ಹಿಗ್ಗುತ್ತಿದ್ದಾಗ ‘ಗೇಮ್ ಆಫ್ ಥ್ರೋನ್ಸ್: ದ ಲಾಸ್ಟ್ ವಾಚ್’ (2019) ಬಂತು. ಟಿವಿ ಸರಣಿಯೊಂದರ ಕೊನೆಯ ಸೀಸನ್ನಿನ ತೆರೆಮರೆಯ ಈ ಚಿತ್ರದಲ್ಲಿ ನಿರ್ದೇಶಕಿ ಜೀನಿ ಫಿನ್‌ಲೇ ತಾರೆಯರಿಗಿಂತ ಹೆಚ್ಚಾಗಿ ಕೃತಕ ಹಿಮ ಹರಡುವವರು, ಮೇಕಪ್‌ನವರು, ಗುಂಪಿನಲ್ಲಿ ನಿಲ್ಲುವ ಒಬ್ಬ ಸಹನಟರ ಬೆನ್ನು ಹತ್ತುತ್ತಾರೆ. ಮೂರನೇ ಕಲಂ ಖಾಲಿ ಉಳಿಯಿತು, ಎರಡನೆಯದು ಪುಟ ತುಂಬಿ ಹಿಂಬದಿಗೂ ಹರಿಯಿತು. ಅನುಮಾನ ಬಂದು ಹಳೆಯ ಪುಟಗಳನ್ನು ತಿರುವಿದರೆ, ಹೊರೆ ಹೊತ್ತವರ ಜಾಗದಲ್ಲಿ ಮೂರು ಚಿತ್ರಗಳಿಗೂ ನಾನು ಬರೆದಿದ್ದು ನಿರ್ದೇಶಕರ ಹೆಸರನ್ನೇ. ಆ ಹಡಗು ಎಳೆದ ಕೈಗಳ ಬಗ್ಗೆ ಇರುವುದು ಒಂದೇ ಸಾಲು.

ಈ ವಾರ ಹೊಸ ಚಿತ್ರವಿಲ್ಲ. ‘ಬರ್ಡನ್ ಆಫ್ ಡ್ರೀಮ್ಸ್’ ಮೊದಲಿನಿಂದ.